ಔಷಧಿ ಗರಿಕೆ

ಆಗಸ್ಟ್ ಹನ್ನೆರಡು, ಮಂಗಳವಾರ. ಅಂಗಾರಕ ಸಂಕಷ್ಟಿ. ಬೆಳಿಗ್ಗೆ ಹತ್ತೂವರೆಗೆ ಜೆ.ಪಿ. ನಗರದ ಠಾಣೆಗೆ ಬಂದ ದೂರುದಾರನ ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಸ್ಟೀಲ್ ಲೋಟವಿತ್ತು. ಅಂಗಡಿಗೆ ಕೆಟ್ಟ ಸಾಮಾನು ಹಿಂದಿರುಗಿಸುವವನಂತೆ ಅದನ್ನು ಅವನು ಇನ್ಸ್‌ಪೆಕ್ಟರ್ ಮಧುಮತಿಯ ಮೇಜಿನ ಮೇಲೆ ಕುಕ್ಕಿದ.

"ನಮ್ಮಪ್ಪ ಐಸಿಯುನಲ್ಲಿದಾರೆ. ಇದರಲ್ಲೇ ಕುಡಿದಿದ್ದು. ಟೆಸ್ಟ್ ಮಾಡಿಸಿ."

ಹೆಸರು ಶಶಿಕಾಂತ್. ತಂದೆ ಸೋಮನಾಥ್, ಬ್ಯಾಂಕಿನಿಂದ ನಿವೃತ್ತರಾದವರು, ಬಡಾವಣೆಯ ನಿವಾಸಿಗಳ ಸಂಘದ ಅಧ್ಯಕ್ಷರು. ದಿನವೂ ಬೆಳಿಗ್ಗೆ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ, ಗೇಟಿನ ಬಳಿ ಅಲಮೇಲು ಎಂಬ ಹೆಂಗಸಿನ ಗಾಡಿಯಲ್ಲಿ ಗರಿಕೆ ರಸ ಕುಡಿಯುವುದು ಅವರ ರೂಢಿ. ಗಾಡಿಯ ಲೋಟದ ಮೇಲೆ ನಂಬಿಕೆಯಿಲ್ಲದೆ ಮನೆಯಿಂದಲೇ ಲೋಟ ಒಯ್ಯುತ್ತಿದ್ದರು. ಇವತ್ತು ಸಂಕಷ್ಟಿಯ ಉಪವಾಸ ಬೇರೆ. ಬರಿ ಹೊಟ್ಟೆಯಲ್ಲಿ, ಮೊದಲ ಗಿರಾಕಿಯಾಗಿ, ನೀರು ಬೆರೆಸದ ಗಟ್ಟಿ ರಸವನ್ನು ಎರಡು ಲೋಟ ಕುಡಿದಿದ್ದರು. ಮನೆ ಸೇರುವ ಹೊತ್ತಿಗೆ ವಾಂತಿ ಶುರುವಾಗಿ, ಗಂಟಲು ಬೆಂದವರಂತೆ ಒದ್ದಾಡಿದರು. ಮೊದಲೇ ಬಲಹೀನವಾಗಿದ್ದ ಮೂತ್ರಪಿಂಡ ಕೈಕೊಡುತ್ತಿದೆ ಎಂದು ಆಸ್ಪತ್ರೆಯವರು ಹೇಳಿದ್ದರು. ಅದೇ ಗಾಡಿಯಲ್ಲಿ ಕುಡಿದ ಇನ್ನಿಬ್ಬರು ಹೊಟ್ಟೆ ತೊಳಸಿಕೊಂಡು ಮನೆಯಲ್ಲಿ ಮಲಗಿದ್ದರು.

"ಆ ಹೆಂಗಸನ್ನ ಇನ್ನೂ ಯಾಕೆ ಒಳಗೆ ಹಾಕಿಲ್ಲ ಮೇಡಂ?"

"ದೂರು ಬರೆದುಕೊಡಿ. ಆಮೇಲೆ ಒಳಗೆ ಹೊರಗೆ ನೋಡೋಣ," ಎಂದಳು ಮಧುಮತಿ.

ಮಧುಮತಿ ಕಡಿಮೆ ಮಾತಿನವಳು. ಒಮ್ಮೆ ಆಡಿದ ಮಾತನ್ನು ನ್ಯಾಯಾಲಯದಲ್ಲಿ ಯಾರು ಯಾವ ಕಡೆಯಿಂದ ಎಳೆದಾಡುತ್ತಾರೋ ಎಂಬ ಹೆದರಿಕೆ ಅವಳಿಗೆ ಕೆಲಸಕ್ಕೆ ಸೇರಿದ ದಿನದಿಂದಲೂ ಇತ್ತು. ಆ ಹೆದರಿಕೆ ಅವಳನ್ನು ಎಷ್ಟೋ ಸಲ ಕಾಪಾಡಿಯೂ ಇತ್ತು. ಹಾನಿಕರ ಆಹಾರ ಮಾರಿದ ಆರೋಪದಡಿ ಎಫ್‌ಐಆರ್ ದಾಖಲಾಯಿತು. ಲೋಟವನ್ನು ಸೀಲ್ ಮಾಡಿಸಿ, ಹೆಡ್ ಕಾನ್‌ಸ್ಟೇಬಲ್ ಯಲ್ಲಯ್ಯನನ್ನು ಕರೆದುಕೊಂಡು ಅವಳು ಪಾರ್ಕಿಗೆ ಹೊರಟಳು.

ಅವರು ಹೋಗುವಷ್ಟರಲ್ಲಿ ಗಾಡಿ ಮಗುಚಿ ಬಿದ್ದಿತ್ತು. ಮಗುಚಿದ್ದು ಯಾರೆಂದು ಕೇಳಿದರೆ ಯಾರೂ ಬಾಯಿ ಬಿಡಲಿಲ್ಲ. ವಾಕಿಂಗ್ ಬೂಟು ಹಾಕಿದ ಹತ್ತಾರು ಜನ ಕೈಕಟ್ಟಿ ನಿಂತಿದ್ದರು. 'ಔಷಧಿ ಗರಿಕೆ ರಸ' ಎಂದು ಹಸಿರು ಬಣ್ಣದಲ್ಲಿ ಬರೆದ ಹಲಗೆಯ ಮೇಲೆ ಯಾರದೋ ಬೂಟಿನ ಗುರುತಿತ್ತು. ಅಲಮೇಲು ಕಾವಲುಗಾರನ ಗೂಡಿನೊಳಗೆ ಮೊಣಕಾಲು ಮಡಚಿ ಕೂತಿದ್ದಳು. ಅವಳ ಕೆನ್ನೆ ಊದಿತ್ತು.

"ಮೂರು ವರ್ಷದಿಂದ ಈ ಜನಕ್ಕೆ ಕುಡಿಸ್ತಿದೀನಿ ಅಮ್ಮಾ. ಒಬ್ಬರಿಗೂ ಒಂದು ಸೀನು ಬಂದಿಲ್ಲ," ಎಂದಳು.

"ಗರಿಕೆ ಎಲ್ಲಿಂದ ತಂದೆ?"

"ನಾನೇ ಕಿತ್ತಿದ್ದು."

"ಎಲ್ಲಿ?"

"ಅಲ್ಲೇ... ಖಾಲಿ ಸೈಟಲ್ಲಿ."

ಇಬ್ಬರು ಪಂಚರನ್ನು ನಿಲ್ಲಿಸಿಕೊಂಡು ಪಂಚನಾಮೆ ನಡೆಯಿತು. ಮಿಕ್ಸಿಯ ಜಾರು, ಸೋಸುವ ಬಟ್ಟೆ, ತಳದಲ್ಲಿ ಉಳಿದ ರಸ, ಎರಡು ಬಗೆಯ ಗರಿಕೆ. ಎರಡು ಬಗೆ ಎಂದು ಗಮನಿಸಿದವಳು ಮಧುಮತಿಯೇ. ಪೂಜೆಗೆಂದು ಕಟ್ಟಿಟ್ಟ ಪುಟ್ಟ ಕಟ್ಟುಗಳಲ್ಲಿ ಇದ್ದದ್ದು ಬರೀ ಕುಡಿ. ಉಗುರಿನಲ್ಲಿ ಚಿವುಟಿದ್ದು, ಬಾಳೆನಾರಿನಲ್ಲಿ ಬಿಗಿದದ್ದು. ಅಲಮೇಲುವಿನ ಹೆಬ್ಬೆರಳ ಉಗುರೂ ಹಸಿರಾಗಿತ್ತು. ಆದರೆ ಚೀಲದ ತಳದಲ್ಲಿದ್ದ ದೊಡ್ಡ ಕಟ್ಟು ಬೇರೆ ಥರ. ಕುಡಗೋಲಿನಿಂದ ಬುಡಸಮೇತ ಓರೆಯಾಗಿ ಕೊಯ್ದದ್ದು. ಹಸುವಿಗೆ ಹುಲ್ಲಿನ ಹೊರೆ ಕಟ್ಟುವಂತೆ ಹುಲ್ಲನ್ನೇ ಹೊಸೆದು ಬಿಗಿದದ್ದು. ಕೈಗೆ ಜಿಡ್ಡು ಹತ್ತುತ್ತಿತ್ತು. ಅದನ್ನು ಸೀಲ್ ಮಾಡುವಾಗ ಮಧುಮತಿ ಕೈಗವಸಿನ ಬೆರಳುಗಳನ್ನು ಉಜ್ಜಿ ನೋಡಿದಳು. ಸೋಪಿನಂತೆ ಸಣ್ಣಗೆ ನೊರೆ ಬಂತು.

ಮಧ್ಯಾಹ್ನ ಠಾಣೆಯಲ್ಲಿ ಮಹಿಳಾ ಕಾನ್‌ಸ್ಟೇಬಲ್ ಎದುರಿಗೆ ವಿಚಾರಣೆ ಮುಂದುವರಿಯಿತು. ಹೊರಗೆ ಬೆಂಚಿನ ಮೇಲೆ ಶಶಿಕಾಂತ್ ಸಂಘದ ನಾಲ್ಕು ಜನರನ್ನು ಕೂರಿಸಿಕೊಂಡು, ಬಾಗಿಲು ತೆರೆದಾಗಲೆಲ್ಲ ಒಳಗೆ ಕೇಳಿಸುವಂತೆ ಮಾತಾಡುತ್ತಿದ್ದ. ಎಸಿಪಿಯಿಂದ ಎರಡು ಸಲ ಫೋನ್ ಬಂದಿತ್ತು. ಸಂಜೆಯೊಳಗೆ ಬಂಧನ ತೋರಿಸಿದರೆ ಎಲ್ಲರೂ ಮನೆಗೆ ಹೋಗುತ್ತಾರೆ ಎಂಬುದು ಅವರ ಮಾತಿನ ಸಾರ.

ಮಧುಮತಿ ಹುಲ್ಲಿನ ಎರಡು ಫೋಟೊ ತೋರಿಸಿದಳು. "ಇದು ನೀನು ಚಿವುಟಿದ್ದು. ಇದು ಯಾರು ಕೊಯ್ದಿದ್ದು?"

ಅಲಮೇಲು ಹಸಿರಾದ ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನೋಡು, ಸುಳ್ಳು ಹೇಳಿದರೆ ಇವತ್ತೇ ಜೈಲು. ನಾನೂ ತಡೆಯೋಕಾಗಲ್ಲ. ಅಲ್ಲಿಂದ ನೀನು ಬರೋ ಹೊತ್ತಿಗೆ ಆ ಗೇಟಿನ ಹತ್ತಿರ ಇನ್ಯಾರದೋ ಗಾಡಿ ನಿಂತಿರುತ್ತೆ."

ಜೈಲಿಗಿಂತ ಎರಡನೆಯ ಮಾತೇ ಅವಳಿಗೆ ನಾಟಿತು. ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳತೊಡಗಿದಳು. ಸಂಕಷ್ಟಿಯ ಹಿಂದಿನ ದಿನ ಊರಲ್ಲಿ ಗರಿಕೆಗೆ ಬರ. ಖಾಲಿ ಸೈಟುಗಳನ್ನೆಲ್ಲ ಬೇರೆಯವರು ಬೋಳಿಸಿಬಿಟ್ಟಿರುತ್ತಾರೆ. ಆದ್ದರಿಂದ ಸೋಮವಾರ ಸಂಜೆ ಅವಳು ಬನ್ನೇರುಘಟ್ಟ ರಸ್ತೆ ಹಿಡಿದು ಗೊಟ್ಟಿಗೆರೆಗೆ ಹೋಗಿದ್ದಳು. ಅಲ್ಲಿ ಹಾಲಿನ ಬೈರಮ್ಮನ ಹುಲ್ಲುಗಾವಲಿದೆ. ಬೇಲಿಯ ಅಂಚಿನಲ್ಲಿ ಗರಿಕೆ ಹಾಸಿಗೆ ಹಾಸಿದಂತೆ ಬೆಳೆದಿರುತ್ತದೆ. ಮೂರು ವರ್ಷದಿಂದಲೂ ಬೇಲಿ ಸಂದಿಯಲ್ಲಿ ಕೈ ತೂರಿಸಿ ಕಿತ್ತು ತರುತ್ತಿದ್ದಳು. ಬೈರಮ್ಮ ಕಂಡಾಗಲೆಲ್ಲ ಬೈದು ಓಡಿಸುತ್ತಿದ್ದಳು. ಒಮ್ಮೆ ಸಗಣಿ ಎರಚಿದ್ದೂ ಉಂಟು.

"ಸೋಮವಾರ ಮಾತ್ರ ಬೈಲಿಲ್ಲ. ಅವರೇ ಕರೆದ್ರು. ಗರಿಕೆ ಕೊಯ್ದು ಇಟ್ಟಿದ್ರು. ತಗೋ ಅಂತ ಬೇಲಿ ಮೇಲಿಂದ ಕೊಟ್ರು. ಒದ್ದೆ ಇತ್ತು. ಬಾಡದೆ ಇರಲಿ ಅಂತ ನೀರು ಹಾಕಿದಾರೆ ಅಂದ್ಕೊಂಡೆ. ಜಿಡ್ಡು ಹೋಗಲಿ ಅಂತ ಬೆಳಿಗ್ಗೆ ಒಂದು ಸಲ ನೀರಲ್ಲಿ ಅದ್ದಿ ತೆಗೆದೆ. ಆದರೂ ರುಬ್ಬುವಾಗ ನೊರೆ ಬಂತು. ಮೊದಲು ಕುಡಿದ ಆ ಸಾರ್ ಅದನ್ನ ನೋಡಿ, ನೊರೆ ಇದ್ದರೆ ಫ್ರೆಶ್ಶು ಅಂದ್ರು."

"ಬೈರಮ್ಮ ಏನು ಹೇಳಿ ಕೊಟ್ಟಳು?"

"ಔಷಧಿ ಗರಿಕೆ ಕಣೇ, ನಿನ್ನ ಗಿರಾಕಿಗಳಿಗೆ ಚೆನ್ನಾಗಿ ಕುಡಿಸು ಅಂದ್ರು. ನನ್ನ ಬೋರ್ಡಲ್ಲೂ ಅದೇ ಅಲ್ವಾ ಬರ್ದಿರೋದು."

ಇಷ್ಟು ಹೊತ್ತು ಮುಚ್ಚಿಟ್ಟದ್ದೇಕೆಂದು ಕೇಳಿದರೆ, ಆ ಬೇಲಿಯೂ ಕೈತಪ್ಪಿದರೆ ಮುಂದಿನ ಸಂಕಷ್ಟಿಗೆ ಗರಿಕೆ ಎಲ್ಲಿಂದ ತರಲಿ ಎಂದಳು. ಯಲ್ಲಯ್ಯ ಅವಳ ಹೇಳಿಕೆಯನ್ನು ಕಚೇರಿಯ ಕನ್ನಡಕ್ಕೆ ತಿರುಗಿಸಿ ಓದಿದ: "ಸದರಿ ಗರಿಕೆಯು ಔಷಧೀಯ ಗುಣವುಳ್ಳದ್ದೆಂದು ಬೈರಮ್ಮ ಎಂಬುವರು ತಿಳಿಸಿರುತ್ತಾರೆ." ಮಧುಮತಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಅವಳು ಹುಟ್ಟಿ ಬೆಳೆದದ್ದು ಬಸವನಗುಡಿಯಲ್ಲಿ. ಅವಳ ಮನೆಯಲ್ಲಿ ಔಷಧಿ ಎಂದರೆ ಅಂಗಡಿಯಿಂದ ಬರುವ ಸೀಸೆ, ರಾತ್ರಿ ಊಟವಾದ ಮೇಲಿನ ಗುಳಿಗೆ.

ಬಂಧನ ತೋರಿಸದೆ ಅವಳು ಜೀಪು ಹತ್ತಿದಾಗ ಶಶಿಕಾಂತ್ ಅಡ್ಡ ಬಂದ. "ಅಪ್ಪನ ಉಸಿರು ಹೋದಮೇಲೆ ಬನ್ನಿ ಮೇಡಂ, ಹಾರ ತಗೊಂಡು."

ಅವಳು ಕಿಟಕಿಯ ಗಾಜು ಏರಿಸಿದಳು.

ಗೊಟ್ಟಿಗೆರೆಯ ಆ ಮೂರು ಎಕರೆಯ ಸುತ್ತ ಮೂರು ಕಡೆ ಅಪಾರ್ಟ್‌ಮೆಂಟು ಎದ್ದಿತ್ತು. ನಡುವೆ ಮೊಣಕಾಲುದ್ದದ ಹೊಸ ಹುಲ್ಲು ಗಾಳಿಗೆ ಒಂದೇ ಸಮನೆ ಬಾಗುತ್ತಿತ್ತು. ಬೇಲಿಯ ಗುಂಟ ಒಂದು ಮಾರಗಲದ ಪಟ್ಟಿಯಲ್ಲಿ ಮಾತ್ರ ಹಳೇ ಗರಿಕೆ ಉಳಿದಿತ್ತು. ಅದಕ್ಕೂ ಎಲ್ಲೋ ಒಂದೊಂದು ಕಡೆ ಅರಿಸಿನದ ಛಾಯೆ ಹತ್ತಿತ್ತು. ಒಂದು ಕಡೆ ಕುಡಗೋಲಿನ ಹೊಸ ಕೊಯ್ಲು ಕಾಣುತ್ತಿತ್ತು.

ಬೈರಮ್ಮನ ಗಂಡ ಬೈರಣ್ಣ ಗೇಟಿನಲ್ಲೇ ತಡೆದ. "ಏನ್ ಮೇಡಂ, ಮತ್ತೆ ಕಂಪ್ಲೇಂಟಾ? ಹೋದ ವರ್ಷ ವಾಸನೆ ಅಂದ್ರು, ಆಮೇಲೆ ನೊಣ ಅಂದ್ರು. ಈಗೇನು, ಹಸು ಕೂಗುತ್ತೆ ಅಂತಲಾ?"

"ಆ ಪಟ್ಟಿ ಯಾಕೆ ಹಳದಿ ಆಗಿದೆ?"

"ಔಷಧಿ ಹೊಡೆದಿದೀವಿ. ಶನಿವಾರ."

ಮಧುಮತಿ ತಟ್ಟನೆ ನಿಂತಳು. "ಏನು ಹೊಡೆದಿದೀರಿ?"

"ಔಷಧಿ ಮೇಡಂ. ಕಳೆಗೆ."

ಅವಳು ಯಲ್ಲಯ್ಯನ ಕಡೆ ತಿರುಗಿದಳು. ಕನಕಪುರದ ಕಡೆಯವನಾದ ಯಲ್ಲಯ್ಯ, ಇದರಲ್ಲಿ ಕೇಳುವುದೇನಿದೆ ಎಂಬಂತೆ ನೋಡಿದ. "ಹೊಲದ ಕಡೆ ಎಲ್ಲಾದಕ್ಕೂ ಔಷಧಿ ಅಂತಾನೇ ಅನ್ನೋದು ಮೇಡಂ. ಹುಳಕ್ಕೆ ಔಷಧಿ, ಕಳೆಗೆ ಔಷಧಿ. ಸಾಲಗೀಲ ಮಾಡ್ಕೊಂಡು 'ಔಷಧಿ ಕುಡಿದು ಸತ್ತ' ಅಂತೀವಲ್ಲ..." ಅಷ್ಟರಲ್ಲಿ ಅವನಿಗೂ ಹೊಳೆದು, ಬಾಯಿ ಅರ್ಧ ತೆರೆದೇ ಉಳಿಯಿತು.

ಬೈರಮ್ಮ ಕೊಟ್ಟಿಗೆಯಿಂದ ಹೊರಗೆ ಬಂದಳು. ಐವತ್ತರ ಹತ್ತಿರದ ಗಟ್ಟಿ ಹೆಂಗಸು. ಪೊಲೀಸರನ್ನು ಕಂಡು ಅವಳೇನೂ ಗಾಬರಿಯಾಗಲಿಲ್ಲ. ಒಳಗೆ ಒಂಬತ್ತು ಹಸುಗಳು ಕಟ್ಟಿದಲ್ಲೇ ನಿಂತು ಒಣ ರಾಗಿಹುಲ್ಲು ಮೆಲ್ಲುತ್ತಿದ್ದವು. ಅಷ್ಟು ಹಸಿರು ಕಣ್ಣೆದುರಿಗಿದ್ದರೂ ಒಣಹುಲ್ಲು.

"ಹಸು ಯಾಕೆ ಹೊರಗೆ ಬಿಟ್ಟಿಲ್ಲ?"

"ಔಷಧಿ ಹೊಡೆದಮೇಲೆ ಬಿಡಬಾರದು."

"ಅಲಮೇಲು ಗೊತ್ತಾ?"

"ಆ ಗರಿಕೆ ಕಳ್ಳಿನಾ? ಗೊತ್ತು. ಕದ್ದು ಕಿತ್ಕೊಂಡು ಹೋಗಿರ್ತಾಳೆ. ಏನಾದ್ರೂ ಆಯ್ತಾ?"

ಕೇಳಿದ ಬಗೆ ಮಧುಮತಿಗೆ ಹಿಡಿಸಲಿಲ್ಲ. ಗರಿಕೆಯಿಂದ ಯಾರಿಗಾದರೂ ಏನಾದರೂ ಆಯಿತೆಂದು ಬೈರಮ್ಮನಿಗೆ ಯಾರೂ ಹೇಳಿರಲಿಲ್ಲ. ಅಲ್ಲೇ ಮಹಜರು ಬರೆಸಿ, ಕುಡಗೋಲು, ಸಿಂಪಡಿಸುವ ಪಂಪು, ಕೊಟ್ಟಿಗೆಯ ಹಿಂದಿದ್ದ ಒಂದು ನೀಲಿ ಬಕೆಟ್ಟನ್ನು ಜಪ್ತಿ ಮಾಡಿದರು. ಬಕೆಟ್ಟಿನ ತಳದಲ್ಲಿ ಗರಿಕೆಯ ಎರಡೆಳೆ ಅಂಟಿಕೊಂಡಿತ್ತು.

ಮರುದಿನ ಅವಳು ಜಯನಗರದಲ್ಲಿ ಭಾರ್ಗವ ಅವರನ್ನು ಕಂಡಳು. ಕೃಷಿ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಬೈರಣ್ಣನ ಹುಲ್ಲುಗಾವಲಿಗೆ ಹೊಸ ರೂಪ ಕೊಟ್ಟವರು ಅವರೇ. ಹಳೇ ಹುಲ್ಲುಗಾವಲು ಗರಿಕೆ, ಜೇಕು ತುಂಬಿ ಹಸುವಿಗೆ ಅರೆಹೊಟ್ಟೆಯಾಗುತ್ತಿತ್ತು ಎಂದು ಅವರು ವಿವರಿಸಿದರು. ವರ್ಷಕ್ಕೊಂದು ಸಲ ಸಾಯುವ ಕಳೆಯನ್ನು ಕಿತ್ತರೆ ಸಾಕು. ಜೇಕು, ಗರಿಕೆ ಹಾಗಲ್ಲ. ಮೇಲೆ ಕಿತ್ತಷ್ಟೂ ಕೆಳಗೆ ಗಡ್ಡೆ, ಬೇರು ಹರಡುತ್ತವೆ. ಮಳೆ ಬಿದ್ದು ಅದು ಸೊಂಪಾಗಿ ಹಸಿರಾಗಿರುವಾಗಲೇ ಕಳೆನಾಶಕ ಹೊಡೆಯಬೇಕು. ಎಲೆ ಕುಡಿದದ್ದು ನಿಧಾನವಾಗಿ ಬೇರಿಗೆ ಇಳಿಯುತ್ತದೆ. ಆಮೇಲೆ ಉತ್ತು ಹೊಸ ಹುಲ್ಲು ಬಿತ್ತುವುದು. ಹೋದ ವರ್ಷ ಹೊಲದ ನಡುಭಾಗ ಹೀಗೆ ಆಯಿತು. ಈ ವರ್ಷ ಅಂಚಿನ ಪಟ್ಟಿ. ಬಿಟ್ಟರೆ ಗರಿಕೆ ಮತ್ತೆ ಒಳಗೆ ನುಗ್ಗುತ್ತದೆ.

"ಹೊಡೆದ ಮೇಲೆ ನೋಡಿದರೆ ಗೊತ್ತಾಗುತ್ತಾ?"

"ಮೊದಲ ಎರಡು ಮೂರು ದಿನ ಗೊತ್ತಾಗೋದಿಲ್ಲ. ಹಸಿರಾಗೇ ಇರುತ್ತೆ. ಅದಕ್ಕೇ ಬೈರಮ್ಮನಿಗೆ ಒತ್ತಿ ಹೇಳಿದ್ದೆ, ಹಸು ಬಿಡಬೇಡ, ಯಾರೂ ಮುಟ್ಟದ ಹಾಗೆ ಕೆಂಪು ಬಟ್ಟೆ ಕಟ್ಟು ಅಂತ. ಹೋದ ವರ್ಷ ಕಟ್ಟಿದ್ದಳು. ತುಂಬ ಶಿಸ್ತಿನ ಹೆಂಗಸು."

"ಈ ವರ್ಷ ಕಟ್ಟಿಲ್ಲ."

ಭಾರ್ಗವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈರಮ್ಮನ ಹಾಲಿನ ಬಗ್ಗೆ ಹೋದ ವರ್ಷ ಸೋಮನಾಥ್ ಎಲ್ಲರಿಗೂ ಕಳಿಸಿದ ಮೆಸೇಜು ನೋಡಿದ್ದೀರಾ ಎಂದು ಕೇಳಿದರು.

ಪ್ರಯೋಗಾಲಯದ ವರದಿ ಆಗಸ್ಟ್ ಇಪ್ಪತ್ತೊಂದರಂದು ಬಂತು. ಲೋಟ, ಮಿಕ್ಸಿ, ದೊಡ್ಡ ಕಟ್ಟು, ನೀಲಿ ಬಕೆಟ್ಟು ಎಲ್ಲದರಲ್ಲೂ ಒಂದೇ ಕಳೆನಾಶಕ. ಬೇಲಿಯಂಚಿನಿಂದ ತೆಗೆದ ಹುಲ್ಲಿನಲ್ಲೂ ಅದೇ, ಆದರೆ ಬಹಳ ಕಡಿಮೆ. ಸಿಂಪಡಿಸಿದ್ದರಿಂದ ಕಟ್ಟಿಗೆ ಅಷ್ಟು ಹತ್ತುವುದು ಸಾಧ್ಯವಿಲ್ಲ, ಅದನ್ನು ದ್ರಾವಣದಲ್ಲಿ ಅದ್ದಿರಬೇಕು ಎಂದಿತ್ತು ವರದಿ. ಎದುರಿನ ಅಪಾರ್ಟ್‌ಮೆಂಟಿನ ಗೇಟಿನ ಕ್ಯಾಮೆರಾದಲ್ಲಿ ಬೇಲಿಯ ಮೇಲಿಂದ ಒಂದು ಹೊರೆ ಕೈಬದಲಾಗುವುದು ಕಂಡಿತ್ತು; ಮುಖ ಸ್ಪಷ್ಟವಿರಲಿಲ್ಲ. ಅದಷ್ಟನ್ನೇ ನೆಚ್ಚಿಕೊಂಡರೆ ವಕೀಲರು ಹರಿದು ಹಾಕುತ್ತಾರೆಂದು ಮಧುಮತಿಗೆ ಗೊತ್ತಿತ್ತು. ಗೊಟ್ಟಿಗೆರೆಯ ದಾರಿಯುದ್ದಕ್ಕೂ ಅವಳು ಒಂದೇ ಒಂದು ವಾಕ್ಯವನ್ನು ಮನಸ್ಸಿನಲ್ಲಿ ತಿದ್ದುತ್ತ ಹೋದಳು.

ಬೈರಮ್ಮ ಹಾಲಿನ ಕ್ಯಾನು ತೊಳೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಅವಳು ಕದ್ದಳು ಅಂದ್ರಿ. ಕದ್ದವಳು ಹೊಸೆದ ಹುಲ್ಲಲ್ಲಿ ಹೊರೆ ಕಟ್ಟಲ್ಲ. ನೀವೇ ಕೊಯ್ದು ಕೊಟ್ಟಿದೀರಿ."

"ಯಾರು ನೋಡಿದಾರೆ?"

"ನೋಡಿರೋದು ಆಮೇಲೆ. ನನಗೆ ಬೇಜಾರಾಗಿರೋದು ಬೇರೆ ವಿಷಯಕ್ಕೆ," ಎಂದಳು ಮಧುಮತಿ, ಮೆಲ್ಲಗೆ. "ಜನ ನಿಮ್ಮ ಬಗ್ಗೆ ಹೇಳೋದು ನಿಜವೇ ಆಯ್ತಲ್ಲ. ಹುಲ್ಲಿಗೆ ಏನು ಹಾಕಿದೀವಿ ಅಂತ ಮುಚ್ಚಿಟ್ಟು ಮಾರೋರು ಅಂತ."

ಕ್ಯಾನು ಕೈಯಿಂದ ಜಾರಿ ಕಲ್ಲಿಗೆ ಬಡಿಯಿತು. ಬೈರಮ್ಮ ನೆಟ್ಟಗೆ ನಿಂತಳು.

"ಮುಚ್ಚಿಟ್ಟು ಕೊಡೋಕೆ ನಾನೇನು ಕಳ್ಳೀನಾ? ಇಪ್ಪತ್ತು ವರ್ಷ ಹಾಲು ಹಾಕಿದೀನಿ, ಒಂದು ತೊಟ್ಟು ನೀರು ಬೆರೆಸಿಲ್ಲ. ಹೇಳೇ ಕೊಟ್ಟಿದೀನಿ. ಔಷಧಿ ಗರಿಕೆ ಅಂತ ಬಾಯಿಬಿಟ್ಟು ಹೇಳೇ ಕೊಟ್ಟಿದೀನಿ. ಬೇಕಾದ್ರೆ ಅವಳನ್ನೇ ಕೇಳಿ."

ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಬೈರಣ್ಣ, "ಲೇ..." ಎಂದು ಅಲ್ಲೇ ಕುಸಿದು ಕೂತ.

"ಅವಳು ಕೇಳಿಸಿಕೊಂಡದ್ದು ಯಾವ ಔಷಧಿ ಅಂತ ನಿಮಗೆ ಗೊತ್ತಿತ್ತು."

"ಪೇಟೆಯೋರ ಕಿವಿಗೆ ನಾನೇನು ಮಾಡಲಿ?"

"ಹಸುವಿಗೆ ಮಾತ್ರ ಒಣಹುಲ್ಲು ಹಾಕಿದ್ರಿ."

ಬೈರಮ್ಮ ಹಸುಗಳ ಕಡೆ ನೋಡಿದಳು. "ಅವೇನು ಮಾಡಿದ್ವು ಪಾಪ," ಎಂದಳು.

ವಿಷವಸ್ತು ಕೊಟ್ಟು ಹಾನಿ ಮಾಡಿದ ಆರೋಪದ 123ನೇ ಕಲಂ ಸೇರಿಸಿ, ಮಹಿಳಾ ಕಾನ್‌ಸ್ಟೇಬಲ್ ಸಮಕ್ಷಮದಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಬಂಧನವಾಯಿತು. ಜೀಪು ಹತ್ತುವಾಗ ಬೈರಮ್ಮ ಅಳಲಿಲ್ಲ. ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿಗಳಲ್ಲಿ ಫೋನು ಹಿಡಿದು ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. "ಇವರೆಲ್ಲ ನನ್ನ ಮನೆಗಳೇ," ಎಂದಳು. ಹಾಲು ಹಾಕುತ್ತಿದ್ದ ಮನೆಗಳನ್ನು ಅವಳು ಹಾಗೇ ಕರೆಯುತ್ತಿದ್ದಳು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುವಾಗ ಯಲ್ಲಯ್ಯ ಅಭ್ಯಾಸಬಲದಿಂದ 'ಕಳೆನಾಶಕ ಲೇಪಿತ ಗರಿಕೆ' ಎಂದು ಬರೆದಿದ್ದ. ಮಧುಮತಿ ಅದನ್ನು ಹೊಡೆದು ಹಾಕಿಸಿ, ಬೈರಮ್ಮ ಆಡಿದ ಮಾತನ್ನೇ ಬರೆಯಿರಿ ಎಂದಳು.

ಸೋಮನಾಥ್ ಬದುಕಿದರು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಎಂದು ನಿಗದಿಯಾಯಿತು. ಅಲಮೇಲು ಜಪ್ತಿಯಾಗಿದ್ದ ತನ್ನ ಗಾಡಿ ಬಿಡಿಸಿಕೊಂಡು ಹೋಗಲು ಠಾಣೆಗೆ ಬಂದಳು. ಗೇಟಿನ ಬಳಿ ಆಗಲೇ ಎಳನೀರಿನವನು ಜಾಗ ಹಿಡಿದಿದ್ದ. ಬಾಳೆಕಾಯಿ ಬಜ್ಜಿ ಹಾಕುತ್ತೀನಿ, ಹುಲ್ಲಿನ ಸಹವಾಸ ಸಾಕು ಎಂದು ಹೇಳಿ ಹಲಗೆಯನ್ನು ಠಾಣೆಯಲ್ಲೇ ಬಿಟ್ಟುಹೋದಳು.

ದೋಷಾರೋಪಪಟ್ಟಿಗೆಂದು ಮಧುಮತಿ ಕೊನೆಗೆ ಆ ಮೆಸೇಜನ್ನು ಶಶಿಕಾಂತನ ಫೋನಿನಿಂದ ಪಡೆದಳು. ಹೋದ ವರ್ಷದ್ದು. ಬಡಾವಣೆಯ ಎಲ್ಲ ಮನೆಗಳಿಗೂ, ಅಲ್ಲಿಂದ ಗೊಟ್ಟಿಗೆರೆಯ ಅಪಾರ್ಟ್‌ಮೆಂಟುಗಳ ಗುಂಪುಗಳಿಗೂ ಹೋದದ್ದು. 'ಎಚ್ಚರ. ಈ ಹೊಲದ ಹಸುಗಳ ಹಾಲು ವಿಷ. ಇಂದೇ ನಿಲ್ಲಿಸಿ.' ಒಂದೇ ವಾರದಲ್ಲಿ ಬೈರಮ್ಮನ ಮನೆಗಳೆಲ್ಲ ಬಾಗಿಲು ಹಾಕಿಕೊಂಡಿದ್ದವು. ಹಸುಗಳನ್ನು ಆ ದಿನಗಳಲ್ಲಿ ಹೊಲಕ್ಕೆ ಬಿಟ್ಟೇ ಇರಲಿಲ್ಲ ಎಂದು ಅವಳು ಬಾಗಿಲು ಬಾಗಿಲಿಗೂ ಹೋಗಿ ಹೇಳಿದ್ದಳಂತೆ. ಒಬ್ಬರೂ ಸರಪಳಿ ತೆಗೆದಿರಲಿಲ್ಲ. ಹಾಲು ಡೈರಿಗೆ ಹೋಗತೊಡಗಿತ್ತು.

ಮೆಸೇಜಿನ ಕೆಳಗೆ ಸೋಮನಾಥರೇ ರಸ್ತೆಯಿಂದ ತೆಗೆದ ಚಿತ್ರವಿತ್ತು. ನಡುವೆ ಹಳದಿ ತಿರುಗಿದ ಹೊಲ, ಕೆಂಪು ಬಟ್ಟೆ ಕಟ್ಟಿದ ಕೋಲುಗಳು, ಬಗ್ಗಿ ನಿಂತ ಬೈರಮ್ಮ. ಮಧುಮತಿ ಅದನ್ನು ದೊಡ್ಡದು ಮಾಡಿ ನೋಡಿದಳು. ಎಡ ಮೂಲೆಯಲ್ಲಿ, ಬೇಲಿಯ ಹೊರಗೆ, ಬಟ್ಟೆಚೀಲ ಹಿಡಿದ ಹೆಂಗಸೊಬ್ಬಳು ಕುಕ್ಕರಗಾಲಲ್ಲಿ ಕೂತು ಸಂದಿಯಲ್ಲಿ ಕೈ ತೂರಿಸಿ ಗರಿಕೆ ಚಿವುಟುತ್ತಿದ್ದಳು.

ಈ ಚಿತ್ರವನ್ನು ಬೈರಮ್ಮ ನೋಡಿದ್ದಳು. ಆ ಹೆಂಗಸು ಪಾರ್ಕಿನ ಗೇಟಿನಲ್ಲಿ ಯಾರಿಗೆ ರಸ ಮಾರುತ್ತಾಳೆಂಬುದೂ ಅವಳಿಗೆ ಗೊತ್ತಿತ್ತು. ಹೇಳಿಕೆಯ ಕೊನೆಯಲ್ಲಿ ಅವಳು ಹೇಳಿದ್ದು ಇಷ್ಟೇ: "ನನ್ನ ಹಾಲು ವಿಷ ಅಂದ್ರು. ಅದೇ ಹೊಲದ ಹುಲ್ಲನ್ನ ಮಾರನೇ ದಿನ ಹಿಂಡಿ ಕುಡಿದ್ರು."